ನೀರು ಹೀರದ ಬತ್ತಿ

ಫೆಬ್ರವರಿ 3, ಸೋಮವಾರ

ಇವತ್ತು ರೇಂಜರ್ ಸರ್ ನನ್ನನ್ನ ಎಲ್ಲರೆದುರು ನಿಲ್ಲಿಸಿ ಗಿರಗಿಟ್ಲೆ ತಿರುಗಿಸೋಕೆ ಹಾಕಿದರು. ಇನ್ನೂರು ಸುತ್ತು. ಎಣಿಸೋ ಕೆಲಸವೂ ನನ್ನದೇ, ಅದೂ ಜೋರಾಗಿ. ಎಂಬತ್ತೇಳಕ್ಕೆ ಅಳು ಬಂತು. ಅಳ್ತಾನೇ ಎಣಿಸಿದೆ.

ಗಿರಗಿಟ್ಲೆ ಅನ್ನೋದು ಈ ಕಾಡ್ಗಿಚ್ಚು ಕೋರ್ಸಿನ ಸ್ಟೂಡೆಂಟ್ಸ್ ನಾವು ಇಟ್ಟ ಹೆಸರು. ಮತ್ತೆ ಮರೆಯಬಾರದು ಅಂತ ಇಲ್ಲೇ ಬರೆದಿಡ್ತೀನಿ. ಒಂದು ಹಿಡಿ, ಹಿಡಿಗೆ ಒಂದು ಪಟ್ಟಿ, ಪಟ್ಟಿಯ ಮೇಲೆ ಅಕ್ಕಪಕ್ಕ ಎರಡು ಥರ್ಮಾಮೀಟರ್. ಒಂದರ ಬುಡಕ್ಕೆ ಹತ್ತಿಯ ಬತ್ತಿ ತೊಡಿಸಿರುತ್ತೆ. ಅದನ್ನ ನೀರಲ್ಲಿ ಅದ್ದಿ ಗಿರಗಿರ ತಿರುಗಿಸಬೇಕು. ಗಾಳಿ ಒಣಗಿದ್ದಷ್ಟೂ ಬತ್ತಿಯ ನೀರು ಬೇಗ ಆರುತ್ತೆ, ಆ ಥರ್ಮಾಮೀಟರ್ ತಣ್ಣಗಾಗುತ್ತೆ. ಎರಡಕ್ಕೂ ಅಂತರ ಜಾಸ್ತಿ ಬಂತು ಅಂದರೆ ಗಾಳಿಯಲ್ಲಿ ತೇವ ಇಲ್ಲ. ಅವತ್ತು ಕಾಡಿನ ಹತ್ತಿರ ಬೆಂಕಿಪೊಟ್ಟಣ ತೆಗೆಯಬಾರದು.

ನಾನು ಬಿಸಿಲಿಗೆ ಅಂತ ಕ್ರೀಮ್ ಹಚ್ಕೊಂಡಿದ್ದ ಕೈಯಲ್ಲೇ ಬತ್ತಿ ಮುಟ್ಟಿದ್ದೆ. ರೇಂಜರ್ ಸರ್ ಬತ್ತಿಯನ್ನ ಮೂಗಿನ ಹತ್ತಿರ ತಂದು ಮೂಸಿದರು.

"ಏನ್ ತಾಯಿ, ಬತ್ತಿಗೂ ಮೇಕಪ್ಪಾ?"

ಎಲ್ಲರೂ ಬಿದ್ದು ಬಿದ್ದು ನಕ್ಕರು.

"ಜಿಡ್ಡು ಹತ್ತಿದ ಬತ್ತಿ ನೀರು ಹೀರಲ್ಲ. ಹೀರದಿದ್ದರೆ ತಣ್ಣಗಾಗಲ್ಲ. ಗಾಳಿ ಒಣಗಿ ಬಾಯಿಬಾಯಿ ಬಿಡ್ತಿದ್ರೂ ಇದು ತೇವ ಇದೆ ಅಂತ ಬೊಗಳುತ್ತೆ. ಇನ್ಮೇಲೆ ಇದನ್ನ ಮುಟ್ಟಬೇಡ. ನೀನು ಕಡ್ಡಿ ತೂಗು, ಸಾಕು."

ಆಗಲೇ ನನ್ನ ಹೆಸರು 'ಮೇಕಪ್' ಆಗಿದೆ. ರೂಮ್‌ಮೇಟ್ ಸೋಡಾ ಇವತ್ತು ಕಾವಲು ಗೋಪುರದ ಡ್ಯೂಟಿಯಲ್ಲಿದ್ದಳು, ಇದನ್ನೆಲ್ಲ ನೋಡಲಿಲ್ಲ. ಅವಳ ಕನ್ನಡಕದ ಗಾಜು ಸೋಡಾ ಬಾಟಲಿಯ ತಳದಷ್ಟು ದಪ್ಪ, ಅದಕ್ಕೇ ಸೋಡಾ. ಸಂಜೆ ಬಂದವಳು, "ಯಾಕೇ ಮೇಕಪ್ ಅಂತಿದಾರೆ ನಿನ್ನ? ಕಣ್ಣು ಬೇರೆ ಊದಿದೆ" ಅಂದಳು. ಕ್ರೀಮ್ ಹಚ್ಕೋತೀನಲ್ಲ ಅದಕ್ಕೆ, ಧೂಳಿಗೆ ಕಣ್ಣು ಊದಿದೆ ಅಂದೆ. ಬತ್ತಿ ವಿಷಯ ಎತ್ತಲಿಲ್ಲ. ಅವಳು ಅರ್ಧ ಮೊಟ್ಟೆ ತಂದು ನನ್ನ ತಟ್ಟೆಗೆ ಹಾಕಿದಳು. ಒಳ್ಳೆಯವಳು.

ಫೆಬ್ರವರಿ 5, ಬುಧವಾರ

ವಾಚರಣ್ಣನ ಜೊತೆ ದಿನವಿಡೀ ಗುಡ್ಡದಲ್ಲಿ ನಡೆದೆವು. ಮೂವತ್ತು ವರ್ಷದಿಂದ ಈ ಕಾಡಿಗೆ ಕಾವಲು. ಹುಬ್ಬು ಒಂದೇ ಇದೆ. ಇನ್ನೊಂದು ಹಳೇ ಬೆಂಕಿಗೆ ಹೋಯಿತಂತೆ, ಮತ್ತೆ ಬರಲೇ ಇಲ್ಲವಂತೆ. "ಒಂದು ಹುಬ್ಬಲ್ಲೇ ಮದುವೆ ಆಯ್ತು, ಎರಡು ಇದ್ದಿದ್ರೆ ರಾಜಕುಮಾರಿ ಸಿಗ್ತಿದ್ಲೇನೋ" ಅಂತ ಅವರೇ ನಗ್ತಾರೆ.

ಹುಲ್ಲು ಮುರಿದು ತೋರಿಸಿದರು. ಬಾಗಿದರೆ ಸರಿ, ಟಕ್ ಅಂತ ಮುರಿದರೆ ಹುಷಾರು. ದಪ್ಪ ದಿಮ್ಮಿ ಒಣಗೋಕೆ ದಿನಗಟ್ಟಲೆ ಬೇಕು, ಆದರೆ ಹುಲ್ಲು ಬೆಳಿಗ್ಗೆ ಒದ್ದೆ ಇದ್ದಿದ್ದು ಮಧ್ಯಾಹ್ನಕ್ಕೆ ಬಾರೂದು. ಆಮೇಲೆ ಎರಡು ಗುಡ್ಡದ ನಡುವಿನ ಕೊರಕಲಿಗೆ ಕರ್ಕೊಂಡು ಹೋದರು. ಕೆಳಗೆ ಅಗಲ, ಮೇಲೆ ಹೋದ ಹಾಗೆ ಕಿರಿದು.

"ನಮಗೆ ಏರು ಅಂದ್ರೆ ಉಬ್ಬಸ. ಬೆಂಕಿಗೆ ಏರೇ ಇಳಿಜಾರು. ಕೆಳಗಿನ ಜ್ವಾಲೆ ಮೇಲಿನ ಹುಲ್ಲನ್ನ ಮೊದಲೇ ಕಾಯಿಸಿ ಇಟ್ಟಿರುತ್ತೆ. ಇಲ್ಲಿ ಹತ್ತಿದ್ರೆ ಒಲೆ ಕೊಳವೆ ಹೊಗೆ ಎಳ್ಕೊಳ್ಳೋ ಹಾಗೆ ಎಳ್ಕೊಳುತ್ತೆ. ಮೇಲಿದ್ದವನು ಓಡಿ ಗೆಲ್ಲೋದಿಲ್ಲ ಮಗಳೇ."

ಸೋಡಾ ಪ್ರಶ್ನೆ ಮೇಲೆ ಪ್ರಶ್ನೆ ಕೇಳಿದಳು. ನಾನು ತಲೆ ಆಡಿಸಿದೆ. ಪ್ರಶ್ನೆ ಕೇಳಿದರೆ ಗೊತ್ತಿಲ್ಲ ಅಂತ ಗೊತ್ತಾಗುತ್ತೆ, ಕೇಳದಿದ್ದರೆ ಇಂಟರೆಸ್ಟ್ ಇಲ್ಲ ಅಂತಾರೆ. ಏನು ಮಾಡಬೇಕೋ.

ಊಟದ ಹಾಲ್ ಬಾಗಿಲಿಗೆ ಪಟ್ಟಿ ಅಂಟಿಸಿದಾರೆ. ಎಂಟು ಜನರಲ್ಲಿ ನಾನು ಎಂಟನೆಯವಳು. ಸೋಡಾ ಏಳು. ತಿಂಗಳ ಕೊನೆಗೆ ಎಂಟನೇ ಜಾಗದಲ್ಲಿದ್ದವರ ಸೀಟು ಹೋಗುತ್ತೆ, ಮನೆಗೆ. ಇದನ್ನ ಮೊದಲ ದಿನವೇ ಹೇಳಿದ್ದರು, ಆಗ ತಮಾಷೆ ಅಂದುಕೊಂಡಿದ್ದೆ.

ಫೆಬ್ರವರಿ 8, ಶನಿವಾರ

ಮನೆಗೆ ಫೋನ್. ಅಪ್ಪ ಒಂದೇ ಮಾತು ಕೇಳಿದರು, "ಉಳೀತೀಯಾ?" ನೋಡೋಣ ಅಂದೆ. "ನೋಡೋಣ ಏನು ನೋಡೋಣ, ಹೋದ ವರ್ಷವೂ ಒಂದು ಕೋರ್ಸ್ ಬಿಟ್ಟು ಬಂದೆ. ಇದೂ ಆಗದಿದ್ರೆ ಬಂದು ಅಕ್ಕನ ಮಕ್ಕಳನ್ನ ನೋಡ್ಕೊ, ಅವಳಾದ್ರೂ ಕೆಲಸಕ್ಕೆ ಹೋಗ್ತಾಳೆ."

ಆಮೇಲೆ ಅಕ್ಕ ಫೋನ್ ತಗೊಂಡು ಎಷ್ಟು ಖುಷಿಯಿಂದ ಹೇಳಿದಳು ಅಂದರೆ, "ಅವಳಿಗಳ ತೊಟ್ಟಿಲು ನಿನ್ನ ಮಂಚದ ಪಕ್ಕಕ್ಕೇ ಹಾಕಿದೀನಿ ಕಣೇ." ಈಗಲೇ ಹಾಕಿದಾಳೆ.

ಐದನೇ ಕ್ಲಾಸಿಂದ ಹಾಸ್ಟೆಲಲ್ಲಿ ಬೆಳೆದವಳು ನಾನು. ಆ ಮನೆಯಲ್ಲಿ ಒಟ್ಟು ಎಷ್ಟು ದಿನ ಇದ್ದೀನಿ ಅಂತ ಕೂಡಿಸಿ ನೋಡಿದರೆ ಎರಡು ವರ್ಷ ಆಗಲ್ಲ. ಅಲ್ಲಿಗೆ ಹೋಗಿ ಡೈಪರ್ ಬದಲಾಯಿಸ್ತಾ ಕೂರಬೇಕಾ? ಸತ್ತರೂ ಹೋಗಲ್ಲ.

ಫೆಬ್ರವರಿ 11, ಮಂಗಳವಾರ

ಮತ್ತೆ ಬೈಗುಳ. ಗಿರಗಿಟ್ಲೆ ಈಗ ಸೋಡಾಳ ಕೆಲಸ, ಅವಳ ಲೆಕ್ಕಕ್ಕೂ ನನ್ನ ಕಡ್ಡಿ ತೂಕಕ್ಕೂ ತಾಳೆ ಆಗಲಿಲ್ಲ.

ಕಡ್ಡಿ ಕೆಲಸ ಎಲ್‌ಕೆಜಿ ಮಕ್ಕಳ ಕೆಲಸ. ಪೂರ್ತಿ ಒಣಗಿಸಿದಾಗ ಸರಿಯಾಗಿ ನೂರು ಗ್ರಾಂ ತೂಗುವ ಕಡ್ಡಿಗಳ ಕಟ್ಟು ಬಯಲಲ್ಲಿ ಇರುತ್ತೆ. ಮಧ್ಯಾಹ್ನ ತೂಗಬೇಕು. ನೂರ ಹತ್ತು ಬಂದರೆ ಕಾಡಿನ ಪುಳ್ಳೆಯಲ್ಲೂ ನೂರಕ್ಕೆ ಹತ್ತು ಪಾಲು ನೀರಿದೆ ಅಂತ. ನಾನು ತಕ್ಕಡಿ ಸಮ ಮಾಡದೆ ತೂಗಿದ್ದೆ.

"ಗಿರಗಿಟ್ಲೆ ಕೊಟ್ರೆ ಜಿಡ್ಡು, ತಕ್ಕಡಿ ಕೊಟ್ರೆ ಸೊಟ್ಟ. ನಿನ್ನನ್ನ ಎಲ್ಲಿಡಲಿ, ಶೋಕೇಸಲ್ಲಾ?" ಅಂದರು ಸರ್.

ಈಗ ಒಂದು ಉಪಾಯ ಹೊಳೆದಿದೆ. ಮೊದಲು ಸೋಡಾಳ ನಂಬರ್ ನೋಡೋದು, ಅದಕ್ಕೆ ಹೊಂದುವ ಹಾಗೆ ನಂದು ಹಾಕೋದು. ಹಾಸ್ಟೆಲಲ್ಲಿ ಲ್ಯಾಬ್ ರೆಕಾರ್ಡ್ ಎಲ್ಲ ಹೀಗೇ ಬರೆದಿದ್ದು. ಯಾರಿಗೂ ತೊಂದರೆ ಆಗಿಲ್ಲ.

ಫೆಬ್ರವರಿ 13, ಗುರುವಾರ

ಉಪಾಯ ಕೆಲಸ ಮಾಡ್ತಿದೆ. ಎರಡು ದಿನದಿಂದ ಬೈಗುಳ ಇಲ್ಲ.

ಬೆಳಿಗ್ಗೆ ಹುಡುಗರು ಸೋಡಾಳ ಕನ್ನಡಕ ಬಚ್ಚಿಟ್ಟರು. ಅವಳು ಊಟದ ಹಾಲಲ್ಲಿ ಗೋಡೆ ಸವರ್ತಾ ಬಂದು ನೀರಿನ ಡ್ರಮ್ಮಿಗೆ "ಎಕ್ಸ್‌ಕ್ಯೂಸ್ ಮಿ" ಅಂದಳು. ಮೊದಲು ನಕ್ಕವಳು ನಾನೇ. ತಡೆಯೋಕೆ ಆಗಲಿಲ್ಲ. ಕನ್ನಡಕ ಎಲ್ಲಿದೆ ಅಂತ ನನಗೆ ಗೊತ್ತಿತ್ತು, ಹೇಳಿದ್ದರೆ ನಾಳೆ ನನ್ನ ಸರದಿ ಬರ್ತಿತ್ತು. ಇವತ್ತು ಯಾರೂ ನನ್ನನ್ನ ಮೇಕಪ್ ಅನ್ನಲಿಲ್ಲ.

ಸಂಜೆ ಹೊಸ ಪಟ್ಟಿ. ಗೋಪುರದಿಂದ ಹೊಗೆ ಮೊದಲು ಕಂಡಳು ಅಂತ ಸೋಡಾಗೆ ಐದನೇ ಜಾಗ. ಕಣ್ಣೇ ಕಾಣದವಳಿಗೆ! ನಾನು ಅಲ್ಲೇ, ಎಂಟು. ಅವಳು ಬಂದು ನನ್ನ ಕೈ ಹಿಡಿದು, "ನೀನೂ ಮೇಲೆ ಬರ್ತೀಯ ಕಣೇ" ಅಂದಳು. ಮೇಲೆ ನಿಂತವರಿಗೆ ಹಾಗನ್ನೋದು ಸುಲಭ.

ಫೆಬ್ರವರಿ 15, ಶನಿವಾರ

ಸೋಮವಾರ ದೊಡ್ಡ ದಿನ. ಕೊರಕಲಿನ ಬುಡದ ಹುಲ್ಲನ್ನ ನಾವೇ ಬೇಕಂತಲೇ ಸುಟ್ಟು ಗೆರೆ ಮಾಡಬೇಕು. ಬೇಸಿಗೆಯಲ್ಲಿ ಬೆಂಕಿ ಬಂದರೆ ಸುಟ್ಟ ಗೆರೆ ದಾಟಲ್ಲ ಅಂತ. ಗಾಳಿಯ ತೇವ ನೂರಕ್ಕೆ ಮೂವತ್ತೈದಕ್ಕಿಂತ ಕೆಳಗಿದ್ದರೆ ಹಚ್ಚಬಾರದು. ಕಡ್ಡಿ ನೂರ ಏಳಕ್ಕಿಂತ ಕಡಿಮೆ ತೂಗಿದರೂ ಹಚ್ಚಬಾರದು. ಎರಡೂ ಪಾಸಾಗಬೇಕು. ರೇಂಜರ್ ಸರ್‌ಗೆ ಅವಸರ, ಮೇಲಿನಿಂದ ದಿನಾ ಫೋನ್.

ಸೋಡಾಳ ಕೈ ಬಿಸಿಲಿಗೆ ಸಿಪ್ಪೆ ಸುಲೀತಿದೆ. "ನಿನ್ನ ಕ್ರೀಮ್ ಸ್ವಲ್ಪ ಕೊಡೇ" ಅಂದಳು. ಟ್ಯೂಬ್ ಪೂರ್ತಿ ಕೊಟ್ಟೆ. ಕೊಟ್ಟಾಗ ತಲೆಯಲ್ಲಿ ಏನೂ ಇರಲಿಲ್ಲ. ಇದು ಸತ್ಯ.

ಫೆಬ್ರವರಿ 17, ಸೋಮವಾರ

ಇವತ್ತು ಬರೆಯಲ್ಲ.

ಫೆಬ್ರವರಿ 18, ಮಂಗಳವಾರ

ಒಂದಾದ ಮೇಲೊಂದು ಬರೆದರೆ ಸರಿಹೋಗುತ್ತೆ.

ನಿನ್ನೆ ಹನ್ನೆರಡೂವರೆಗೆ ಸೋಡಾ ಎರಡೂ ಕೈಗೆ ಕ್ರೀಮ್ ತಿಕ್ಕಿಕೊಂಡಳು. ಆಮೇಲೆ ಬತ್ತಿ ಎಳೆದು ಸರಿಮಾಡಿ ನೀರಿಗೆ ಅದ್ದಿದಳು. ನಾನು ಎರಡು ಹೆಜ್ಜೆ ದೂರದಲ್ಲಿದ್ದೆ. ನೀರು ಬತ್ತಿಯ ಮೇಲೆ ಮಣಿ ಮಣಿಯಾಗಿ ನಿಂತಿದ್ದು ನನಗೆ ಕಾಣಿಸಿತು. ಅವಳಿಗೆ ಕಾಣಲಿಲ್ಲ, ಆ ಕಣ್ಣಿಗೆ ಹೇಗೆ ಕಾಣಬೇಕು. ಹೇಳೋಣ ಅಂತ ಬಾಯಿವರೆಗೆ ಬಂತು. ಹೇಳಿದರೆ ತೊಳೆದು ಮತ್ತೆ ಮಾಡ್ತಾಳೆ, ಐದನೇ ಜಾಗದಲ್ಲೇ ಇರ್ತಾಳೆ. ಸರ್ ಬಂದು ಮೂಸಲಿ, ನನಗೆ ಮಾಡಿದ್ದನ್ನ ಅವಳಿಗೂ ಮಾಡಲಿ ಅಂತ ಕಾದೆ. ಫೇರ್ ಅಂದರೆ ಫೇರ್.

ಸರ್ ಮೂಸಲಿಲ್ಲ. "ಎಷ್ಟು?"

"ಒಣದ್ದು ಮೂವತ್ತೆರಡು, ಒದ್ದೆದು ಇಪ್ಪತ್ತೆರಡು. ಚಾರ್ಟ್ ಪ್ರಕಾರ ತೇವ ನಲವತ್ತೆರಡು ಸರ್."

"ಬಂಗಾರ! ನಿಂದೆಷ್ಟು ಮೇಕಪ್?"

ನನ್ನ ತಕ್ಕಡಿಯಲ್ಲಿ ನೂರ ಐದು ಇತ್ತು. ಸಮ ಮಾಡಿಯೇ ತೂಗಿದ್ದೆ, ಎರಡು ಸಲ. ನೂರ ಐದು ಅಂದಿದ್ದರೆ ಏನಾಗ್ತಿತ್ತು? ನಿನ್ನದೇ ಸೊಟ್ಟ ಅಂತ ಮೊದಲು ನನಗೆ ಬೈಗುಳ. ಆಮೇಲೆ ಹಚ್ಚೋದು ಕ್ಯಾನ್ಸಲ್. ಅಷ್ಟೇ, ಸೋಡಾಗೆ ಏನೂ ಆಗ್ತಿರಲಿಲ್ಲ. ಬೆಂಕಿ ಒಂಚೂರು ಗೆರೆ ದಾಟಿದರೆ ಮಾತ್ರ ಆ ನಲವತ್ತೆರಡು ಎಲ್ಲಿಂದ ಬಂತು ಅಂತ ಕೇಳ್ತಾರೆ. ಒಂಚೂರು. ನಾನು ಅಂದುಕೊಂಡಿದ್ದು ಅಷ್ಟೇ.

"ನೂರ ಎಂಟು ಸರ್" ಅಂದೆ.

ವಾಚರಣ್ಣ ಒಂದು ಹಿಡಿ ಹುಲ್ಲು ಕಿತ್ತು ಸರ್ ಮುಂದೆ ಮುರಿದರು. ಟಕ್.

"ಇವತ್ತು ಬೇಡ ಸರ್. ಗಾಳಿಯೂ ಆಗ್ಲೇ ಕೆಳಗಿಂದ ಮೇಲಕ್ಕೆ ತಿರುಗ್ತಿದೆ."

"ಅಣ್ಣಾ, ಮೀಟರ್ ಒಂದು ಹೇಳುತ್ತೆ, ತಕ್ಕಡಿ ಒಂದು ಹೇಳುತ್ತೆ, ಎರಡೂ ತಾಳೆ ಆಗಿದೆ. ನಿನ್ನ ಹುಲ್ಲಿಗೆ ಯಾವ ಡಿಗ್ರಿ ಕೊಟ್ಟಿದಾರೆ?"

ಎಲ್ಲರೂ ನಕ್ಕರು. ನಾನೂ ನಕ್ಕೆ. ವಾಚರಣ್ಣ ಹುಲ್ಲು ಕೆಳಗೆ ಬಿಟ್ಟು ಕೈ ಒರೆಸಿಕೊಂಡರು.

ಕೊರಕಲಿನ ತಲೆಯಲ್ಲಿ ನಿಂತು ಹೊಗೆ ನೋಡೋದು ನನ್ನ ಡ್ಯೂಟಿ. ಮೇಲಿದ್ದವನು ಓಡಿ ಗೆಲ್ಲೋದಿಲ್ಲ ಅಂತ ವಾಚರಣ್ಣ ಹೇಳಿದ್ದು ನೆನಪಿತ್ತು. ಕಾಲು ಉಳುಕಿದೆ ಸರ್ ಅಂದೆ. ನಾನು ಯಾರ ಹೆಸರೂ ಹೇಳಲಿಲ್ಲ, ಇದನ್ನ ಇಲ್ಲಿ ಸ್ಪಷ್ಟವಾಗಿ ಬರೀತೀನಿ. ಸೋಡಾ ತಾನಾಗಿಯೇ, "ನಾನು ಹೋಗ್ತೀನಿ ಸರ್, ಪಾಪ ಅವಳಿಗೆ ಕಾಲು ನೋವು" ಅಂದಳು.

ಒಂದೂಕಾಲಿಗೆ ಹಚ್ಚಿದರು. ಐದು ನಿಮಿಷ ಚೆನ್ನಾಗಿಯೇ ಇತ್ತು, ಜ್ವಾಲೆ ಮೊಣಕಾಲುದ್ದ. ಆಮೇಲೆ ಬೆನ್ನಿಗೆ ಗಾಳಿ ತಾಗಿತು. ಜ್ವಾಲೆ ಎಲ್ಲ ಒಟ್ಟಿಗೆ ಗುಡ್ಡದ ಕಡೆಗೆ ಮಲಗಿಕೊಂಡವು. ಮಲಗಿದ್ದು ಎದ್ದಾಗ ಆಳೆತ್ತರ. ಕೊರಕಲಿನ ಬಾಯಿಗೆ ಹೋಗಿದ್ದೇ ತಡ, ಲಾರಿ ಗೇರ್ ಹಾಕಿದ ಹಾಗೆ ಸದ್ದು. ಸರ್ ವಾಕಿಟಾಕಿಯಲ್ಲಿ "ಇಳಿ, ಪಕ್ಕಕ್ಕೆ ಇಳಿ" ಅಂತ ಕೂಗ್ತಿದ್ದರು. ಆ ಕಡೆಯಿಂದ ಅವಳ ದನಿ, "ಏನೂ ಕಾಣ್ತಿಲ್ಲ ಸರ್, ಕನ್ನಡಕಕ್ಕೆ ಹೊಗೆ, ಯಾವ ಪಕ್ಕ ಸರ್?"

ಯಾರೂ ಹೇಳೋ ಮೊದಲೇ ವಾಚರಣ್ಣ ಪಕ್ಕದ ಬಂಡೆ ಹತ್ತಿ ಓಡಿದ್ದರು. ನಾನು ಓಡುವವರನ್ನ ನೋಡ್ತಾ ನಿಂತೆ. ಕಾಲು ಉಳುಕಿದೆ ಅಂದಿದ್ದೆನಲ್ಲ, ಓಡಿದ್ದರೆ ಎಲ್ಲರಿಗೂ ಗೊತ್ತಾಗ್ತಿತ್ತು.

ವಾಚರಣ್ಣ ತಮ್ಮ ಕಂಬಳಿಯನ್ನ ಅವಳಿಗೆ ಹೊದಿಸಿ ಹೊತ್ತು ತಂದರು. ಅವಳ ಎರಡು ಕೈ, ಕೆನ್ನೆ ಸುಟ್ಟಿದ್ದವು. ಅವರಿಗೆ ಹೊದೆಯೋಕೆ ಏನೂ ಉಳಿದಿರಲಿಲ್ಲ. ಕೆಳಗೆ ಬಂದು, "ಮಗು ಉಸಿರಾಡ್ತಿದೆಯಾ ನೋಡಿ" ಅಂದು ಕೂತರು. ಕೂತವರು ಏಳಲಿಲ್ಲ.

ಸಂಜೆ ರಿಜಿಸ್ಟರಿಗೆ ಇಂಕ್‌ನಲ್ಲಿ ಬರೆಯೋದು ನಿಯಮ. ಬರೆದೆ. ನೂರ ಎಂಟು. ಅಕ್ಷರ ದುಂಡಗೆ ಬಂತು.

ಫೆಬ್ರವರಿ 20, ಗುರುವಾರ

ವಾಚರಣ್ಣ ನಿನ್ನೆ ಆಸ್ಪತ್ರೆಯಲ್ಲಿ ತೀರಿಹೋದರು. ಒಳಗೆಲ್ಲ ಸುಟ್ಟಿತ್ತಂತೆ. ಅವರ ಹೆಂಡತಿ ಕ್ಯಾಂಪಿಗೆ ಬಂದು ಟ್ರಂಕ್ ತಗೊಂಡು ಹೋದರು. ಹೋಗುವಾಗ ಒಬ್ಬೊಬ್ಬರ ಮುಖವನ್ನೂ ನೋಡ್ತಾ ಹೋದರು. ನಾನು ಶೂ ಲೇಸ್ ಕಟ್ಟಿಕೊಂಡೆ.

ಕ್ಲಾಸ್ ಇರಲಿಲ್ಲ. ಬಟ್ಟೆ ಎಲ್ಲ ಒಗೆದುಕೊಂಡೆ.

ಫೆಬ್ರವರಿ 22, ಶನಿವಾರ

ವಿಚಾರಣೆ ಕಮಿಟಿ ಬರುತ್ತಂತೆ. ರೇಂಜರ್ ಸರ್ ನನ್ನೊಬ್ಬಳನ್ನೇ ಆಫೀಸಿಗೆ ಕರೆದರು. ಕೂರಿಸಿದರು. ಮೊದಲ ಸಲ ಕೂರಿಸಿದ್ದು. ಟೀ ಕೊಟ್ಟರು.

"ಬತ್ತಿ ಸಿಕ್ಕಿದೆ. ಜಿಡ್ಡು."

"ಹೌದಾ ಸರ್?"

"ನಿಂದು ನೂರ ಎಂಟೇ ತಾನೇ?"

"ನೂರ ಎಂಟೇ ಸರ್."

ಅವರ ಕಣ್ಣಿನ ಕೆಳಗೆ ಕಪ್ಪಾಗಿತ್ತು. "ನೂರ ಐದೋ ಆರೋ ಇದ್ದಿದ್ರೆ ನಾನು ಹಚ್ತಿರ್ಲಿಲ್ಲ" ಅಂದರು. ಅದು ಪ್ರಶ್ನೆಯೋ ಅಲ್ಲವೋ ಗೊತ್ತಾಗಲಿಲ್ಲ. ಟೀ ಕುಡಿದೆ. ಸಕ್ಕರೆ ಜಾಸ್ತಿ ಇತ್ತು.

"ಸರಿ. ಹಾಗಾದ್ರೆ ತಪ್ಪು ಬತ್ತಿದು. ಬರೆದು ಕೊಡು."

ಬರೆದು ಕೊಟ್ಟೆ. ಸೋಡಾ ಕ್ರೀಮ್ ಹಚ್ಚಿಕೊಂಡ ಕೈಯಿಂದಲೇ ಕೆಲಸ ಮಾಡುತ್ತಿದ್ದಳು, ಆಗ ಅದು ನನ್ನ ಗಮನಕ್ಕೆ ಬರಲಿಲ್ಲ, ಬಂದಿದ್ದರೆ ಖಂಡಿತ ಎಚ್ಚರಿಸುತ್ತಿದ್ದೆ. ಒಂದೂವರೆ ಪುಟ. ಒಂದೂ ಚಿತ್ತು ಇಲ್ಲ. ಸರ್ ಓದಿ, "ಭಾಷೆ ಚೆನ್ನಾಗಿದೆ ನಿಂದು" ಅಂದರು.

ಫೆಬ್ರವರಿ 24, ಸೋಮವಾರ

ಪಟ್ಟಿಯಲ್ಲಿ ಸೋಡಾಳ ಹೆಸರಿನ ಮೇಲೆ ಅಡ್ಡಗೆರೆ. ಏಳು ಜನರಲ್ಲಿ ನಾನು ಏಳನೆಯವಳು. ಹೆದರಿಕೊಂಡು ಕೇಳಿದೆ. "ಒಬ್ಬರು ಹೋಗಬೇಕಿತ್ತು, ಹೋದರು. ಇನ್ಯಾರೂ ಹೋಗಲ್ಲ" ಅಂದರು ಸರ್.

ಅಪ್ಪನಿಗೆ ಫೋನ್ ಮಾಡಿ ಉಳಿದೆ ಅಂದೆ. ಅಪ್ಪ "ಭೇಷ್" ಅಂದರು. ನನ್ನ ಇಡೀ ಜನ್ಮದಲ್ಲಿ ಅವರ ಬಾಯಿಂದ ಕೇಳಿದ ಮೊದಲ ಭೇಷ್.

ಫೆಬ್ರವರಿ 27, ಗುರುವಾರ

ಒಂದು ಕೆಲಸ ಬಾಕಿ ಇತ್ತು. ರಿಜಿಸ್ಟರಲ್ಲಿ ಹದಿನೇಳನೇ ತಾರೀಕಿನ ಗಿರಗಿಟ್ಲೆ ಲೆಕ್ಕದ ಮುಂದೆ ಸೋಡಾಳ ಸಹಿ ಇಲ್ಲ. ಸಹಿ ಇಲ್ಲದಿದ್ದರೆ ಅಳತೆಯೇ ತೆಗೆದಿಲ್ಲ ಅಂತ ಲೆಕ್ಕ. ಆಗ ಕಮಿಟಿ ಎಲ್ಲವನ್ನೂ ಕೆದಕುತ್ತೆ, ಕಡ್ಡಿಯನ್ನೂ. "ನೀನು ಹೋಗು, ನಿನ್ನ ಮಾತು ಕೇಳ್ತಾಳೆ" ಅಂತ ಸರ್ ಜೀಪ್ ಕೊಟ್ಟರು.

ವಾರ್ಡಿನ ಹೊರಗೆ ಬೆಂಚಿನ ಮೇಲೆ ಅವಳ ಅಮ್ಮ. ನನ್ನ ಗಲ್ಲ ಹಿಡಿದು ನೋಡಿ, "ನೀನೇನಾ ಮೊಟ್ಟೆ ಹಂಚಿಕೊಂಡು ತಿನ್ನೋಳು?" ಅಂದರು. ಹೂಂ ಆಂಟಿ ಅಂದೆ. ಬಲಗೈಯ ಬೆರಳು ಉಳಿಯೋದು ಕಷ್ಟ ಅಂದಿದಾರಂತೆ ಡಾಕ್ಟರ್. "ಓದೋಕಾದ್ರೂ ಆಗುತ್ತಾ ಮಗಳೇ?" ಆಗುತ್ತೆ ಆಂಟಿ ಅಂದೆ.

ಸೋಡಾಳ ಎರಡೂ ಕೈ ಮೊಣಕೈವರೆಗೆ ಬ್ಯಾಂಡೇಜು. ಕನ್ನಡಕ ಇಲ್ಲ, ಹಾಕಿಕೊಳ್ಳೋಕೆ ಕೆನ್ನೆಯೂ ಹಾಗಿದೆ. ನನ್ನ ದನಿ ಕೇಳಿ ಎದ್ದು ಕೂರೋಕೆ ನೋಡಿದಳು. ಬತ್ತಿಯಲ್ಲಿ ಕ್ರೀಮಿನ ಜಿಡ್ಡು ಸಿಕ್ಕಿದ್ದನ್ನೂ ರಿಜಿಸ್ಟರ್ ವಿಷಯವನ್ನೂ ಹೇಳಿದೆ.

"ಓದಿ ಹೇಳೇ, ನನಗೆ ಕಾಣಲ್ಲ."

ಮೂವತ್ತೆರಡು, ಇಪ್ಪತ್ತೆರಡು, ನಲವತ್ತೆರಡು ಅಂತ ಓದಿದೆ.

"ನಿನ್ನ ಕಡ್ಡಿ?"

"ನೂರ ಎಂಟು."

ಅವಳು ಯೋಚನೆ ಮಾಡೋದು ನನಗೆ ಗೊತ್ತು, ತುಟಿ ಒಳಗೆ ಎಳೆದುಕೊಳ್ತಾಳೆ. ಈಗ ತುಟಿ ಎಳೆಯೋಕೂ ನೋವು. "ಎರಡೂ ತಾಳೆ ಆಗ್ತಿದೆಯಲ್ಲೇ. ನನ್ನ ಬತ್ತಿ ಕೆಟ್ಟಿದ್ರೆ ನಿನ್ನ ಕಡ್ಡಿ ನಿಜ ಹೇಳಬೇಕಿತ್ತಲ್ಲ?"

ನಾನು ರಿಜಿಸ್ಟರಿನ ಪುಟ ಸರಿಮಾಡಿದೆ.

"ನನ್ನ ತೂಕ ಯಾವತ್ತು ಸರಿ ಬಂದಿದೆ ಹೇಳು" ಅಂದೆ. "ನಾನು ಶೋಕೇಸ್ ಗೊಂಬೆ. ನಿನ್ನನ್ನ ನಂಬಿಯೇ ಅಲ್ವಾ ಎಲ್ಲರೂ ಇದ್ದಿದ್ದು? ವಾಚರಣ್ಣನೂ."

ಅಷ್ಟೇ ಸಾಕಾಯಿತು. ಅವಳ ಕಣ್ಣಿಂದ ನೀರು ಇಳಿದು ಕೆನ್ನೆಯ ಗಾಯಕ್ಕೆ ತಾಗಿ ಮುಖ ಕಿವುಚಿದಳು. ಒರೆಸಿಕೊಳ್ಳೋಕೆ ಕೈ ಇಲ್ಲ. ನಾನು ಒರೆಸಿದೆ, ಕರ್ಚೀಫಿನ ತುದಿಯಿಂದ, ನೋವಾಗದ ಹಾಗೆ.

ಪೆನ್ನನ್ನ ಹಲ್ಲಲ್ಲಿ ಕಚ್ಚಿಸಿದೆ. ರಿಜಿಸ್ಟರನ್ನ ಅವಳ ಮುಖದ ಹತ್ತಿರ ಗಟ್ಟಿಯಾಗಿ ಹಿಡಿದುಕೊಂಡೆ, ಇಲ್ಲದಿದ್ದರೆ ಇನ್ನೂ ಸೊಟ್ಟ ಆಗ್ತಿತ್ತು. ಎರಡು ಸಲ ಪೆನ್ ಬಿತ್ತು. ಮೂರನೇ ಸಲ ಎರಡಕ್ಷರ ಮೂಡಿತು. ಎಂಜಲು ತಾಗಿ ಇಂಕ್ ಸ್ವಲ್ಪ ಹರಡಿದೆ, ಆದರೆ ಓದಬಹುದು. ಊದಿ ಒಣಗಿಸಿದೆ.

"ನನ್ನ ಕೈಯಿಂದಲೇ ಅವರು ಸತ್ತರು ಕಣೇ" ಅಂದಳು. "ನಿನ್ನನ್ನೂ ಸಿಕ್ಕಿಸಿಹಾಕಿದೆ. ಅವತ್ತು ನೀನು ಮೇಲೆ ಹೋಗಿದ್ದಿದ್ರೆ ನೀನು ಹೀಗಾಗ್ತಿದ್ದೆ, ನನ್ನ ತಪ್ಪಿಗೆ. ಕ್ಷಮಿಸ್ತೀಯಾ?"

ಪಾಪ ಅನಿಸಿತು. ಹಣೆ ಸವರಿ, "ಕ್ಷಮಿಸಿದೀನಿ ಬಿಡೇ" ಅಂದೆ.

ಅವಳ ಮುಖ ಎಷ್ಟು ಹಗುರಾಯಿತು ಅಂದರೆ, ಕಣ್ಣು ಮುಚ್ಚಿ ಹಾಗೇ ನಿದ್ದೆ ಹೋದಳು. ಹತ್ತು ದಿನದಿಂದ ಮಲಗಿರಲಿಲ್ಲವಂತೆ, ಅವಳ ಅಮ್ಮ ಬಾಗಿಲಲ್ಲಿ ನಿಂತು ನನಗೆ ಕೈ ಮುಗಿದರು. ಇಷ್ಟು ಸುಲಭ ಅಂತ ಗೊತ್ತಿದ್ದರೆ ಮೊದಲೇ ಹೋಗಿ ಬರ್ತಿದ್ದೆ.